ಮ್ಯಾಡ್ರಿಡ್‌ನಿಂದ ಚಿಂಚೋನ್‌ಗೆ ಒಂದು ದಿನ: ಬಸ್ಸು, ಊಟ ಮತ್ತು ಗಡಿಯಾರದ ಲೆಕ್ಕ

"ಮ್ಯಾಡ್ರಿಡ್‌ನಲ್ಲಿ ನಾಲ್ಕೈದು ದಿನ ಇರುತ್ತೇವೆ. ಹತ್ತಿರದಲ್ಲಿ ಹಳೇ ಕಾಲದ ಸಣ್ಣ ಊರೊಂದನ್ನು ನೋಡಬೇಕು. ಕಾರಿಲ್ಲ, ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಎಲ್ಲಿಗೆ ಹೋಗೋಣ?" ಸ್ಪೇನ್‌ಗೆ ಹೊರಡುವವರು ತಪ್ಪದೆ ಕೇಳುವ ಪ್ರಶ್ನೆ ಇದು. ಇದಕ್ಕೆ ನಾವು ಕೊಡುವ ಉತ್ತರ ಚಿಂಚೋನ್. ಮ್ಯಾಡ್ರಿಡ್‌ನ ಆಗ್ನೇಯಕ್ಕೆ 50 ಕಿಲೋಮೀಟರ್ ಒಳಗೆ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಊರು. ಜನಸಂಖ್ಯೆ ಐದಾರು ಸಾವಿರದಷ್ಟೇ. ನಡುವೆ ಮರದ ಬಾಲ್ಕನಿಗಳು ಸುತ್ತುವರಿದ ಒಂದು ಚೌಕ, ಮೇಲೊಂದು ಚರ್ಚು, ಊರಂಚಿನಲ್ಲೊಂದು ಕೋಟೆ, ಸುತ್ತ ದ್ರಾಕ್ಷಿ, ಆಲಿವ್ ಮತ್ತು ಬೆಳ್ಳುಳ್ಳಿ ಹೊಲ.

ಊರು ನೋಡಲು ಎರಡು ಮೂರು ಗಂಟೆ ಸಾಕು. ಆದರೂ ಹೋದವರಲ್ಲಿ ಕೆಲವರು ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ. ವಿಚಾರಿಸಿ ನೋಡಿದರೆ ಕಾರಣ ಬಹುಪಾಲು ಒಂದೇ: ತಪ್ಪು ದಿನ ಅಥವಾ ತಪ್ಪು ಹೊತ್ತಿನಲ್ಲಿ ಹೋಗಿರುತ್ತಾರೆ. ಚರ್ಚಿನ ಬಾಗಿಲು, ಅಡುಗೆಮನೆಯ ಒಲೆ, ಅಂಗಡಿಯ ಶಟರ್ ಇವೆಲ್ಲ ಇಲ್ಲಿ ಸ್ಪೇನ್‌ನ ಗಡಿಯಾರಕ್ಕೆ ನಡೆಯುತ್ತವೆ, ನಮ್ಮ ಗಡಿಯಾರಕ್ಕಲ್ಲ. ಹಾಗಾಗಿ ಈ ಬರಹದಲ್ಲಿ ಜಾಗಗಳಿಗಿಂತ ಹೊತ್ತಿನ ಮಾತೇ ಹೆಚ್ಚು.

ಜೊತೆಗಿರಬೇಕಾದ್ದು

ಪಾಸ್‌ಪೋರ್ಟಿನ ಪ್ರತಿ. ಗಟ್ಟಿ ಅಟ್ಟೆಯ ಶೂ: ಊರಿನ ಬೀದಿಗಳು ಇಳಿಜಾರು, ಹಾಸುಗಲ್ಲುಗಳು ಏರುಪೇರು, ಮಳೆ ಬಂದರೆ ಚಪ್ಪಲಿ ಜಾರುತ್ತದೆ. ಐದು, ಹತ್ತು ಯೂರೋಗಳ ಸಣ್ಣ ನೋಟು. ನೀರಿನ ಬಾಟಲಿ. ಬೇಸಿಗೆಯಲ್ಲಿ ಟೋಪಿ ಬೇಕೇ ಬೇಕು, ಜುಲೈ–ಆಗಸ್ಟ್‌ನಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು. ಚಳಿಗಾಲದಲ್ಲಿ ಮ್ಯಾಡ್ರಿಡ್‌ಗೆ ಸಾಕಾದ ಸ್ವೆಟರ್ ಇಲ್ಲಿ ಗಾಳಿಗೆ ಸಾಲದು. ಮಗುವಿನ ತಳ್ಳುಗಾಡಿ ತರುವುದಾದರೆ ದೊಡ್ಡ ಚಕ್ರದ್ದೇ ಇರಲಿ.

ಹಂತ 1: ಹೋಗಬೇಕೋ ಬೇಡವೋ, ಮೊದಲು ತೀರ್ಮಾನಿಸಿ

ಮ್ಯಾಡ್ರಿಡ್‌ನಿಂದ ಹೊರಹೋಗಲು ನಿಮಗಿರುವುದು ಒಂದೇ ದಿನವಾದರೆ ಟೊಲೆಡೊ ಎಂಬ ಹಳೆಯ ನಗರಕ್ಕೆ ಹೋಗಿ. ಇದರಲ್ಲಿ ಮುಲಾಜು ಬೇಡ. ಟೊಲೆಡೊ ಅಥವಾ ಸೆಗೋವಿಯಾದ ತೂಕ ಚಿಂಚೋನ್‌ಗೆ ಇಲ್ಲ. ಚಿಂಚೋನ್ ಇರುವುದು ಎರಡನೆಯ ಬಿಡುವಿನ ದಿನಕ್ಕೆ: ಪಟ್ಟಿ ಹಿಡಿದು ಓಡದೆ, ಚೌಕದಲ್ಲಿ ಕೂತು ನಿಧಾನಕ್ಕೆ ಊಟ ಮಾಡಿ, ಒಂದು ಸುತ್ತು ಹಾಕಿ ಬರುವವರಿಗೆ.

ಹತ್ತಿರದ ಅರಾಂಹುವೆಸ್ ಅರಮನೆಯನ್ನೂ ಅದೇ ದಿನ ಮುಗಿಸೋಣ ಎಂಬ ಆಸೆ ಹಲವರಿಗಿದೆ. ನಕ್ಷೆಯಲ್ಲಿ ಎರಡೂ ಪಕ್ಕಪಕ್ಕ ಕಾಣುವುದು ನಿಜ. ಆದರೆ ಮ್ಯಾಡ್ರಿಡ್‌ನಿಂದ ಎರಡಕ್ಕೂ ಹೋಗುವ ದಾರಿ ಬೇರೆ ಬೇರೆ, ಎರಡು ಊರುಗಳ ನಡುವಿನ ಬಸ್ಸನ್ನು ನಂಬಿ ದಿನ ಕಟ್ಟುವಂತಿಲ್ಲ. ಕಾರಿದ್ದರೆ ಮಾತು ಬೇರೆ. ಆಗಲೂ ಜೋಡಿಸಬೇಕಾದ್ದು ಅರಾಂಹುವೆಸ್ ಅಲ್ಲ, ಕೆಲವೇ ಕಿಲೋಮೀಟರ್ ದೂರದ ಕೊಲ್ಮೆನಾರ್ ದೆ ಒರೆಹಾ. ವೈನ್ ತುಂಬಿಡುವ ಆಳೆತ್ತರದ ಮಣ್ಣಿನ ಹಂಡೆಗಳಿಗೆ ಹೆಸರಾದ ಊರದು. ಈ ಹಂಡೆಗೆ ಅಲ್ಲಿ 'ತಿನಾಹಾ' ಎನ್ನುತ್ತಾರೆ.

ಹಂತ 2: ದಿನ ಆರಿಸಿ

ಚಿಂಚೋನ್‌ಗೆ ವಾರಾಂತ್ಯದಲ್ಲಿ ಮ್ಯಾಡ್ರಿಡ್‌ನವರೇ ಊಟಕ್ಕೆ ಬರುತ್ತಾರೆ. ಶನಿವಾರ, ಭಾನುವಾರ ಊರಿಗೆ ಕಳೆ ಇರುತ್ತದೆ, ಎಲ್ಲ ಹೋಟೆಲುಗಳೂ ತೆರೆದಿರುತ್ತವೆ, ಆದರೆ ಜಾಗ ಸಿಗುವುದಿಲ್ಲ. ಸೋಮವಾರ, ಮಂಗಳವಾರ ಇದಕ್ಕೆ ಪೂರ್ತಿ ತದ್ವಿರುದ್ಧ: ಊರು ಬಿಕೋ ಎನ್ನುತ್ತದೆ, ಅರ್ಧ ಹೋಟೆಲುಗಳಿಗೆ ವಾರದ ರಜೆ. ನಮ್ಮ ಸಲಹೆ ಗುರುವಾರ ಅಥವಾ ಶುಕ್ರವಾರ. ಗದ್ದಲವೇ ಇಷ್ಟ ಎನ್ನುವವರು ಶನಿವಾರ ಹೋಗಿ, ಮೇಜು ಮಾತ್ರ ಮುಂಚೆಯೇ ಕಾಯ್ದಿರಿಸಿ.

ಕ್ಯಾಲೆಂಡರಿನಲ್ಲಿ ಎರಡು ಹೊತ್ತು ವಿಶೇಷ. ಮೊದಲನೆಯದು ಈಸ್ಟರ್ ಹಿಂದಿನ ಶನಿವಾರ. ಯೇಸುವಿನ ಕೊನೆಯ ದಿನಗಳ ಕಥೆಯನ್ನು ಊರಿನವರೇ ವೇಷ ಕಟ್ಟಿ ಬೀದಿಗಳಲ್ಲಿ, ಚೌಕದಲ್ಲಿ ಆಡಿ ತೋರಿಸುತ್ತಾರೆ. 1963ರಿಂದ ನಡೆದುಬಂದ ಪದ್ಧತಿ ಇದು. ನೋಡಲು ಸೊಗಸು, ಆದರೆ ಆ ದಿನ ಕಾಲಿಡಲು ಜಾಗವಿರುವುದಿಲ್ಲ, ಬಸ್ಸು ಹತ್ತುವುದೂ ಸಾಹಸ. ಊರು ನೋಡುವ ಉದ್ದೇಶಕ್ಕೆ ಆ ದಿನ ಆಗಿಬರುವುದಿಲ್ಲ.

ಎರಡನೆಯದು ಆಗಸ್ಟ್ ನಡುವಿನ ಊರಹಬ್ಬ. ಆಗ ಚೌಕದೊಳಗೆ ಮರದ ಬೇಲಿ, ಅಟ್ಟಣಿಗೆ ಕಟ್ಟಿ ಅದನ್ನೇ ಗೂಳಿಕಾಳಗದ ಕಣವಾಗಿಸುತ್ತಾರೆ. ಅಕ್ಟೋಬರ್‌ನಲ್ಲೂ ಗೂಳಿಕಾಳಗವಿರುತ್ತದೆ. ಆ ದಿನಗಳಲ್ಲಿ ಬೇಲಿ ಎದ್ದು ನಿಂತಿದ್ದರೆ ಚಿತ್ರಗಳಲ್ಲಿ ಕಂಡ ತೆರೆದ ಚೌಕ ನಿಮಗೆ ಸಿಗುವುದಿಲ್ಲ. ಗೂಳಿಕಾಳಗ ನೋಡಲು ಮನಸ್ಸಾಗದವರು ಹಬ್ಬದ ದಿನಗಳನ್ನು ಬಿಟ್ಟು ಹೋಗುವುದು ಲೇಸು. ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಎಲ್ಲ ರೀತಿಯಲ್ಲೂ ಹದವಾದ ಕಾಲ.

ಹಂತ 3: ಟಿಕೆಟ್ ವಿಷಯ ಮೊದಲೇ ಬಗೆಹರಿಸಿ

ಮ್ಯಾಡ್ರಿಡ್‌ನ ಸಾರಿಗೆಯನ್ನು ವಲಯಗಳಾಗಿ ಭಾಗ ಮಾಡಿದ್ದಾರೆ. ನಗರದ ಒಳಭಾಗ ಎ ವಲಯ. ಚಿಂಚೋನ್ ಅದರಿಂದ ಬಹಳ ಹೊರಗೆ. ಎಡವುವುದು ಇಲ್ಲಿಯೇ: ಮೆಟ್ರೋಗೆಂದು ಕೊಂಡ ಹತ್ತು ಪ್ರಯಾಣದ ಟಿಕೆಟ್ಟೋ ಎ ವಲಯದ ಪ್ರವಾಸಿ ಪಾಸೋ ಕೈಯಲ್ಲಿದ್ದರೆ ಚಿಂಚೋನ್ ಬಸ್ಸಿಗೂ ಅದೇ ನಡೆಯುತ್ತದೆ ಎಂದುಕೊಂಡು ಹತ್ತುತ್ತಾರೆ. ನಡೆಯುವುದಿಲ್ಲ. ನಿಮಗಿರುವ ದಾರಿ ಎರಡು.

ಚಿಂಚೋನ್ ಒಂದಕ್ಕೇ ಹೋಗುವುದಾದರೆ ಬಸ್ಸಿನೊಳಗೆ ಚಾಲಕರಿಂದಲೇ ಒಂದು ಬಾರಿಯ ಟಿಕೆಟ್ ಕೊಳ್ಳಿ. ವಾಪಸು ಬರುವಾಗ ಇನ್ನೊಂದು. ಕಾರ್ಡ್ ನಡೆದರೂ ಸಣ್ಣ ನೋಟು ಇಟ್ಟುಕೊಂಡಿರಿ, 50 ಯೂರೋ ನೋಟು ಚಾಚಿದರೆ ಚಿಲ್ಲರೆ ಸಿಗದು.

ಟೊಲೆಡೊ, ಚಿಂಚೋನ್, ಅರಾಂಹುವೆಸ್, ಎಲ್ ಎಸ್ಕೊರಿಯಾಲ್ ಹೀಗೆ ಹಲವು ಹೊರ ಊರುಗಳಿಗೆ ಹೋಗುವ ಯೋಜನೆಯಿದ್ದರೆ ಟಿ ವಲಯದ ಪ್ರವಾಸಿ ಪಾಸ್ ನೋಡಿ. ಮೆಟ್ರೋ, ಉಪನಗರ ರೈಲು, ಮ್ಯಾಡ್ರಿಡ್ ಪ್ರಾಂತ್ಯದ ಬಸ್ಸುಗಳು, ಟೊಲೆಡೊ ಮತ್ತು ಗ್ವಾದಲಹಾರಾದ ಬಸ್ಸುಗಳೂ ಇದರಲ್ಲಿ ಬರುತ್ತವೆ. 1, 2, 3, 4, 5 ಅಥವಾ 7 ದಿನಕ್ಕೆ ಸಿಗುತ್ತದೆ, 11 ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ. ಗಮನಿಸಿ, ಇದರ 'ದಿನ' ಎಂದರೆ 24 ಗಂಟೆಯಲ್ಲ, ಕ್ಯಾಲೆಂಡರಿನ ದಿನ. ಸಂಜೆ ಏಳಕ್ಕೆ ಮೊದಲ ಬಾರಿ ಬಳಸಿದರೂ ಒಂದು ದಿನ ಖರ್ಚಾಯಿತು ಎಂದೇ ಲೆಕ್ಕ. ಬೆಳಗ್ಗೆಯೇ ಶುರು ಮಾಡಿ.

ಹಂತ 4: ಬಸ್ಸು ಹಿಡಿಯುವುದು

ಚಿಂಚೋನ್‌ಗೆ ರೈಲಿಲ್ಲ. ಬಸ್ಸಿನ ಸಂಖ್ಯೆ 337. ಹೊರಡುವುದು ಮ್ಯಾಡ್ರಿಡ್‌ನ ಪೂರ್ವಭಾಗದ ಕೊಂದೆ ದೆ ಕಸಾಲ್ ವೃತ್ತದ ಬಳಿಯಿಂದ. ಅದೇ ಹೆಸರಿನ ಮೆಟ್ರೋ ನಿಲ್ದಾಣ 6ನೇ ಮಾರ್ಗದಲ್ಲಿದೆ. ಬೂದು ಬಣ್ಣದ ವರ್ತುಲ ಮಾರ್ಗವದು. ಅತೋಚಾ ರೈಲು ನಿಲ್ದಾಣದ ಹತ್ತಿರ ಉಳಿದುಕೊಂಡವರಿಗೆ ಟ್ಯಾಕ್ಸಿಯೂ ದುಬಾರಿಯಾಗದು.

ಇದು ಗೋಡೆ, ಸೂರು, ವಿಚಾರಣಾ ಕಿಟಕಿ ಇರುವ ಬಸ್ ನಿಲ್ದಾಣವಲ್ಲ. ರಸ್ತೆಬದಿಯಲ್ಲಿ ಸಾಲಾಗಿ ಹಲವು ಕಂಬಗಳು, ಒಂದೊಂದು ಕಂಬಕ್ಕೆ ಒಂದೊಂದು ಬಸ್ಸು. ಮೆಟ್ರೋ 11ನೇ ಮಾರ್ಗ ವಿಸ್ತರಿಸುವ ಕಾಮಗಾರಿ ಇದೇ ವೃತ್ತದಲ್ಲಿ ನಡೆಯುತ್ತಿರುವುದರಿಂದ ಕಂಬಗಳ ಜಾಗವೂ ಬದಲಾಗುತ್ತಿರುತ್ತದೆ. ಹಳೆಯ ಫೋಟೋ ನೋಡಿಕೊಂಡು ಹುಡುಕಬೇಡಿ. ಬಸ್ಸಿಗೆ ಕಾಲು ಗಂಟೆ ಮುಂಚೆ ತಲುಪಿ, 337 ಎಂದು ಬರೆದ ಕಂಬ ಕಂಡ ಮೇಲೆಯೇ ನಿಲ್ಲಿ. ಬಸ್ಸು ಬಂದಾಗ ಚಾಲಕರಿಗೆ "ಆ ಚಿಂಚೋನ್, ಪೊರ್ ಫಾವೋರ್" ಎಂದರೆ ಸಾಕು. ಜೊತೆಯಲ್ಲಿ ಎಷ್ಟು ಜನ ಎಂದು ಬೆರಳಲ್ಲಿ ತೋರಿಸಿ. ಬೆಲ್ಟ್ ಕಟ್ಟಿಕೊಳ್ಳುವುದು ಕಡ್ಡಾಯ. ಪ್ರಯಾಣ ಹೆಚ್ಚುಕಡಿಮೆ ಒಂದು ಗಂಟೆ.

ವೇಳಾಪಟ್ಟಿ ಓದುವ ಬಗೆ ಗೊತ್ತಿರಬೇಕು. ಅದರಲ್ಲಿ ಮೂರು ಸಾಲು: 'ಲಬೊರಾಬ್ಲೆಸ್' ಎಂದರೆ ಸೋಮವಾರದಿಂದ ಶುಕ್ರವಾರ, 'ಸಾಬಾದೋಸ್' ಎಂದರೆ ಶನಿವಾರ, 'ದೊಮಿಂಗೋಸ್ ಇ ಫೆಸ್ತಿವೋಸ್' ಎಂದರೆ ಭಾನುವಾರ ಮತ್ತು ಸಾರ್ವಜನಿಕ ರಜೆ. 'ಇದಾ' ಹೋಗುವ ಬಸ್ಸು, 'ವುವೆಲ್ತಾ' ವಾಪಸು ಬಸ್ಸು. ಮೋಸ ಹೋಗುವುದು ರಜೆಯ ಸಾಲಿನಲ್ಲಿ. ಮೇ 2 ಮ್ಯಾಡ್ರಿಡ್ ಪ್ರಾಂತ್ಯದ ದಿನ, ಅಕ್ಟೋಬರ್ 12 ರಾಷ್ಟ್ರೀಯ ದಿನ, ಡಿಸೆಂಬರ್ 6 ಮತ್ತು 8 ರಜೆ. ಅವು ಬುಧವಾರ ಬಿದ್ದರೂ ಓಡುವುದು ಭಾನುವಾರದ ಪಟ್ಟಿಯಂತೆ, ಅಂದರೆ ಕಡಿಮೆ ಬಸ್ಸು. ಆಗಸ್ಟ್‌ಗೆ ಬೇರೆಯೇ ಪಟ್ಟಿ ಇದೆಯೇ ಎಂದೂ ನೋಡಿಕೊಳ್ಳಿ.

ಕಾರಿನಲ್ಲಿ ಹೋಗುವವರು ಎ-3 ಹೆದ್ದಾರಿ ಹಿಡಿದು, ಮೊರಾತಾ ದೆ ತಾಹುನ್ಯಾ ಊರಿನ ಮೇಲೆ ಬರಬಹುದು. ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಇರಬೇಕು. ಇದನ್ನು ಹೊರಡುವ ಮುನ್ನ ನಮ್ಮ ಆರ್‌ಟಿಒದಲ್ಲೇ ಮಾಡಿಸಿಕೊಳ್ಳಬೇಕು. ಕಾರನ್ನು ಊರ ಹೊರಗೇ ನಿಲ್ಲಿಸಿ ನಡೆದು ಬನ್ನಿ. ಒಳಗಿನ ಬೀದಿಗಳು ಎಷ್ಟು ಕಿರಿದೆಂದರೆ ಬಾಡಿಗೆ ಕಾರಿನ ಕನ್ನಡಿ ಉಳಿಸಿಕೊಳ್ಳುವುದೇ ಕಷ್ಟ.

ಹಂತ 5: ಇಳಿದ ಕೂಡಲೆ ಮಾಡಬೇಕಾದ್ದು

ಹತ್ತೂವರೆ, ಹನ್ನೊಂದರ ಹೊತ್ತಿಗೆ ಊರಲ್ಲಿರುವಂತೆ ಹೊರಡಿ. ಇಳಿದ ತಕ್ಷಣ ವಾಪಸು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಳ್ಳಿ, ಅಲ್ಲಿ ಅಂಟಿಸಿರುವ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳಿ. ಅಲ್ಲಿಂದ ಚೌಕಕ್ಕೆ ಕೆಲವು ನಿಮಿಷದ ನಡಿಗೆ. ದಾರಿ ಕೇಳಬೇಕಾದರೆ "ಪ್ಲಾಸಾ ಮಯೋರ್?" ಎನ್ನಿ. ಸ್ಪೇನ್‌ನ ಬಹಳಷ್ಟು ಊರುಗಳ ಮುಖ್ಯ ಚೌಕಕ್ಕೆ ಇದೇ ಹೆಸರು.

ಚಿಂಚೋನ್‌ನ ಚೌಕ ಹೆಸರಿಗೆ ಮಾತ್ರ ಚೌಕ. ಮ್ಯಾಡ್ರಿಡ್‌ನ ಪ್ಲಾಸಾ ಮಯೋರ್ ಹಾಗೆ ಅಳತೆ ಹಿಡಿದು ಕಟ್ಟಿದ್ದಲ್ಲ. 15ನೇ ಶತಮಾನದಲ್ಲಿ ಒಂದೊಂದಾಗಿ ಎದ್ದ ಮನೆಗಳು 17ನೇ ಶತಮಾನದ ಹೊತ್ತಿಗೆ ಸುತ್ತು ಮುಚ್ಚಿಕೊಂಡವು. ಹಾಗಾಗಿ ಇದು ದುಂಡೂ ಅಲ್ಲ, ನಾಲ್ಕು ಮೂಲೆಯೂ ಇಲ್ಲ. ಕೆಳಗೆ ಕಂಬಸಾಲಿನ ಮೊಗಸಾಲೆ, ಮೇಲೆ ಎರಡು ಮೂರು ಅಂತಸ್ತಿನಲ್ಲಿ ಹಸಿರು ಬಣ್ಣದ ಮರದ ಬಾಲ್ಕನಿ. ಒಟ್ಟು 234 ಬಾಲ್ಕನಿಗಳೆಂದು ಊರಿನವರ ಲೆಕ್ಕ. ಸಂತೆ, ನಾಟಕ, ಗೂಳಿಕಾಳಗ, ರಾಜರ ಮೆರವಣಿಗೆ ಎಲ್ಲಕ್ಕೂ ಇದೇ ಅಂಗಳ. ಬಾಲ್ಕನಿಗಳು ಪ್ರೇಕ್ಷಕರ ಗ್ಯಾಲರಿ. ಮನೆ ಒಬ್ಬರದಾದರೂ ಕಾಳಗದ ದಿನ ಬಾಲ್ಕನಿಯಲ್ಲಿ ಕೂರುವ ಹಕ್ಕು ಇನ್ನೊಬ್ಬರದಾಗಿರುವುದೂ ಇಲ್ಲಿ ಹಳೆಯ ರೂಢಿ.

ಎದುರಿಗೆ ಕಂಡ ಮೊದಲ ಕುರ್ಚಿಗೆ ಕೂತುಬಿಡಬೇಡಿ. ಮೊದಲು ಒಂದು ಸುತ್ತು ಹಾಕಿ. ಚೌಕದಲ್ಲೇ ಪ್ರವಾಸಿ ಮಾಹಿತಿ ಕಚೇರಿಯಿದೆ. ನಕ್ಷೆ ಪಡೆಯಿರಿ, ಮತ್ತೆ ಒಂದೇ ಒಂದು ಪ್ರಶ್ನೆ ಕೇಳಿ: ಇವತ್ತು ಚರ್ಚು ಎಷ್ಟು ಗಂಟೆಗೆ ತೆರೆದಿರುತ್ತದೆ? ಇಡೀ ದಿನದ ಲೆಕ್ಕ ನಿಂತಿರುವುದು ಈ ಉತ್ತರದ ಮೇಲೆ.

ಹಂತ 6: ಚರ್ಚು ಮತ್ತು ಗೋಪುರ

ಚೌಕದ ಮೇಲ್ಭಾಗದ ದಿಬ್ಬದ ಮೇಲಿರುವುದು ಅಸುನ್ಸಿಯೋನ್ ಚರ್ಚು. 1534ರಲ್ಲಿ ಶುರುವಾಗಿ ಮುಗಿದದ್ದು 1626ರಲ್ಲಿ. ಅದಕ್ಕೆ ಗೋಪುರವಿಲ್ಲ. ಸ್ವಲ್ಪವೇ ದೂರದಲ್ಲಿ ಒಂಟಿಯಾಗಿ ನಿಂತಿರುವ ಗಡಿಯಾರ ಗೋಪುರಕ್ಕೆ ಚರ್ಚಿಲ್ಲ. "ಚರ್ಚಿಲ್ಲದ ಗೋಪುರ, ಗೋಪುರವಿಲ್ಲದ ಚರ್ಚು" ಎಂದು ಊರಿನವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ. ಕಾರಣ ಹಾಸ್ಯದ್ದಲ್ಲ. ನೆಪೋಲಿಯನ್ ಸೈನ್ಯ 1808ರ ಡಿಸೆಂಬರ್‌ನಲ್ಲಿ ಊರಿಗೆ ನುಗ್ಗಿ ಬೆಂಕಿಯಿಟ್ಟಾಗ ಗೋಪುರವಿದ್ದ ಹಳೆಯ ಚರ್ಚು ನಾಶವಾಯಿತು, ಗೋಪುರ ಉಳಿಯಿತು. ಈ ಚರ್ಚಿಗೂ ಬೆಂಕಿ ಬಿತ್ತು.

ಆ ಬೆಂಕಿಯ ನಂತರ ಬಂದದ್ದೇ ಒಳಗಿನ ದೊಡ್ಡ ಚಿತ್ರ. ವರ್ಣಚಿತ್ರಕಾರ ಫ್ರಾನ್ಸಿಸ್ಕೊ ಗೋಯಾನ ತಮ್ಮ ಕಮಿಲೊ ಇದೇ ಊರಿನಲ್ಲಿ ಪಾದ್ರಿಯಾಗಿದ್ದ. ಮೇರಿಮಾತೆ ಸ್ವರ್ಗಕ್ಕೇರುವ ಚಿತ್ರವನ್ನು ಗೋಯಾ 1812ರಲ್ಲಿ ಈ ಚರ್ಚಿಗಾಗಿ ಬರೆದ. ಅದು ಇಂದಿಗೂ ಮ್ಯೂಸಿಯಂ ಸೇರದೆ, ಯಾವ ಚರ್ಚಿಗೆ ಬರೆದನೋ ಅಲ್ಲೇ, ಮುಖ್ಯ ಬಲಿಪೀಠದ ಮೇಲೆಯೇ ಇದೆ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಗೋಯಾ 1800ರಲ್ಲಿ ಬರೆದ ಚಿಂಚೋನ್ ಕೌಂಟೆಸ್‌ಳ ಚಿತ್ರವಿದೆ (ಈ ಊರಿನ ಹೆಸರಿನ ಶ್ರೀಮಂತ ಬಿರುದು ಹೊತ್ತ ಗಂಡಸು ಕೌಂಟ್, ಹೆಂಗಸು ಕೌಂಟೆಸ್). ತುಂಬು ಬಸುರಿ, ತಲೆಯಲ್ಲಿ ಗೋಧಿ ತೆನೆ ಮುಡಿದು ಕುಳಿತಿದ್ದಾಳೆ. ಹಿಂದಿನ ಸಂಜೆ ಅದನ್ನು ನೋಡಿ ಬಂದರೆ ಇಲ್ಲಿನ ಚಿತ್ರಕ್ಕೆ ಇನ್ನೊಂದು ತೂಕ ಬರುತ್ತದೆ. ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8, ಭಾನುವಾರ 5ರಿಂದ 7 ಪ್ರಾಡೊ ಪ್ರವೇಶ ಉಚಿತ.

ಚರ್ಚಿನ ಬಾಗಿಲು ದಿನವಿಡೀ ತೆರೆದಿರುವುದಿಲ್ಲ. "ಊಟ ಮಾಡಿ ಆರಾಮಾಗಿ ಹೋಗೋಣ" ಎಂದವರಿಗೆ ಬಂದ ದಾರಿಗೆ ಸುಂಕವಿಲ್ಲ. ಬೆಳಗ್ಗೆ ತೆರೆದಿದ್ದರೆ ಆಗಲೇ ಹೋಗಿಬಿಡಿ. ಪೂಜೆ ನಡೆಯುತ್ತಿದ್ದರೆ ಹಿಂದಿನ ಸಾಲಿನಲ್ಲಿ ಕೂತು ಕಾಯಿರಿ, ಓಡಾಡಬೇಡಿ, ಫೋಟೋ ಬೇಡ. ಹೊರಬಂದ ಮೇಲೆ ಚರ್ಚಿನ ಮುಂದಿನ ಕಟ್ಟೆಯ ಬಳಿ ನಿಲ್ಲಿ. ಇಡೀ ಚೌಕ ಕಾಲಡಿಯಲ್ಲಿ ಕಾಣುವುದು ಇಲ್ಲಿಂದಲೇ, ಊರಿನ ಒಳ್ಳೆಯ ಫೋಟೋಗಳೆಲ್ಲ ಇಲ್ಲಿನವು. ಮಂಡಿನೋವಿನ ಹಿರಿಯರಿದ್ದರೆ ಮೆಟ್ಟಿಲು ಬಿಟ್ಟು ಸುತ್ತುಬಳಸಿನ ಇಳಿಜಾರು ಬೀದಿಯಲ್ಲಿ ಕರೆದುಕೊಂಡು ಬನ್ನಿ.

ಹಂತ 7: ಊಟ

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಹೊತ್ತು: ಸ್ಪೇನ್‌ನಲ್ಲಿ ಮಧ್ಯಾಹ್ನದ ಊಟ 2ರಿಂದ 4. ಅಡುಗೆಮನೆ ತೆರೆಯುವುದೇ ಒಂದೂವರೆ ಸುಮಾರಿಗೆ. ಹನ್ನೆರಡೂವರೆಗೆ ಹೋಗಿ ಕೂತರೆ ಕಾಫಿ, ಬ್ರೆಡ್ಡು ಬಿಟ್ಟು ಬೇರೇನೂ ಸಿಗದು. ನಾಲ್ಕು ದಾಟಿದರೆ ಒಲೆ ಆರುತ್ತದೆ, ಮತ್ತೆ ಹೊತ್ತುವುದು ರಾತ್ರಿ ಎಂಟೂವರೆ, ಒಂಬತ್ತಕ್ಕೆ. ಮಕ್ಕಳು, ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ ಹನ್ನೆರಡಕ್ಕೆ ಏನಾದರೂ ತಿನ್ನಿಸಿಟ್ಟಿರಿ. ವಾರಾಂತ್ಯದಲ್ಲಿ ಕೆಲವು ಕಡೆ 'ತುರ್ನೋ' ಅಂದರೆ ಪಂಕ್ತಿ ಲೆಕ್ಕದಲ್ಲಿ ಕೂರಿಸುತ್ತಾರೆ. ಮೊದಲ ಪಂಕ್ತಿ ಕೇಳಿ, ಆದರೆ ಎರಡನೆಯವರು ಬರುವ ಮುನ್ನ ಏಳಬೇಕಾಗುತ್ತದೆ.

ಜಾಗ: ಚೌಕದ ಸುತ್ತಲಿನ ಹೋಟೆಲುಗಳು ಬಾಲ್ಕನಿಯಲ್ಲೂ ಮೇಜು ಹಾಕುತ್ತವೆ. ಊರಿಗೆ ಬರುವವರೆಲ್ಲರ ಕಣ್ಣೂ ಅದರ ಮೇಲೆಯೇ. ಸುಮ್ಮನೆ 'ಮೇಜು ಬೇಕು' ಎಂದು ಕಾಯ್ದಿರಿಸಿದರೆ ಒಳಕೋಣೆಯಲ್ಲಿ ಕೂರಿಸಿಬಿಡಬಹುದು. ಬಾಲ್ಕನಿಯೇ ಬೇಕೆಂದು ಬಿಡಿಸಿ ಹೇಳಿ: "ಉನಾ ಮೆಸಾ ಎನ್ ಎಲ್ ಬಾಲ್ಕೋನ್". ಹೊರಗಿನ ಮೇಜಿಗೆ ದರ ಹೆಚ್ಚಿರಬಹುದು, ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಬಾಲ್ಕನಿ ದುಬಾರಿ ಎನಿಸಿದರೆ ಅಲ್ಲಿ ಕಾಫಿ ಕುಡಿದು, ಊಟಕ್ಕೆ ಹಿಂದಿನ ಬೀದಿಗೆ ಹೋಗುವುದು ಜಾಣತನ. ಇನ್ನು ಕೆಲವು 'ಮೆಸೋನ್'ಗಳು, ಅಂದರೆ ಹಳೇ ಶೈಲಿಯ ಊಟದ ಮನೆಗಳು, ನೆಲದಡಿಯ ವೈನ್ ಗುಹೆಗಳ ಮೇಲೆಯೇ ಇವೆ. ಆಗಲೇ ಹೇಳಿದ ತಿನಾಹಾ ಹಂಡೆಗಳನ್ನು ಅಲ್ಲಿ ಸಾಲಾಗಿ ನೋಡಬಹುದು.

ದರ: 'ಮೆನು ದೆಲ್ ದಿಯಾ' ಎಂದರೆ ಎರಡು ಬಗೆ, ಒಂದು ಸಿಹಿ, ಬ್ರೆಡ್ಡು, ಕುಡಿಯಲೊಂದು ಸೇರಿದ ಗೊತ್ತಾದ ದರದ ಊಟ. ನಮ್ಮ ಲಿಮಿಟೆಡ್ ಊಟದ ಹಾಗೆ. ಸಾಮಾನ್ಯವಾಗಿ ವಾರದ ದಿನಗಳ ಮಧ್ಯಾಹ್ನ ಮಾತ್ರ. ಉಳಿದಂತೆ, ಕೇಳದೆ ತಂದಿಟ್ಟ ಬ್ರೆಡ್ಡಿಗೂ ದುಡ್ಡು ಹಾಕಬಹುದು. ನೀರಿಗೆ ಮಾತ್ರ ಹಾಕುವಂತಿಲ್ಲ: 2022ರ ಕಾನೂನಿನ ಪ್ರಕಾರ ಕೇಳಿದವರಿಗೆ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕು. "ಆಗುವಾ ದೆಲ್ ಗ್ರಿಫೋ" ಎನ್ನಿ. ಬರೀ "ಆಗುವಾ" ಎಂದರೆ ಬಾಟಲಿ ಬರುತ್ತದೆ, ಬಿಲ್ಲೂ ಬರುತ್ತದೆ. ಟಿಪ್ಸ್ ಕಡ್ಡಾಯವಲ್ಲ.

ಮಾಂಸಾಹಾರಿಗಳಿಗೆ ಚಿಂತೆಯಿಲ್ಲ. ಸೌದೆ ಒಲೆಯಲ್ಲಿ ಸುಟ್ಟ ಕುರಿಮರಿ ಇಲ್ಲಿನ ಹೆಸರುವಾಸಿ ಅಡುಗೆ, ಅದರ ಹೆಸರು 'ಕೊರ್ದೇರೊ ಅಸಾದೊ'. 'ಕೊಚಿನಿಯೋ' ಎಂದರೆ ಹಂದಿಮರಿ. ಗೋಮಾಂಸ, ಹಂದಿ ಬಿಟ್ಟವರು 'ತೆರ್ನೇರಾ' ಮತ್ತು 'ಸೆರ್ದೊ' ಎಂಬ ಎರಡು ಪದ ನೆನಪಿಟ್ಟುಕೊಳ್ಳಿ. ಮೊದಲನೆಯದು ಎಳೆಗರುವಿನ ಮಾಂಸ, ಎರಡನೆಯದು ಹಂದಿ.

ಸಸ್ಯಾಹಾರಿಗಳ ಕಷ್ಟ ಬೇರೆ. "ಕಾರ್ನೆ ಬೇಡ" ಎಂದರೆ ಸಾಲದು. ಹಳೇಕಾಲದ ಅಡುಗೆಯವರಿಗೆ ಕಾರ್ನೆ ಎಂದರೆ ಮಾಂಸದ ತುಂಡು. ಉಪ್ಪುಹಚ್ಚಿ ಒಣಗಿಸಿದ ಹಂದಿಯ 'ಹಮೋನ್', 'ಆತುನ್' ಎಂಬ ಟ್ಯೂನಾ ಮೀನು ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಒಂದೊಂದನ್ನೂ ಹೆಸರಿಸಿ: "ಸೋಯ್ ವೆಹೆತಾರಿಯಾನಾ. ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಆತುನ್, ಸಿನ್ ಕಾಲ್ದೊ ದೆ ಕಾರ್ನೆ." ಗಂಡಸರಾದರೆ ವೆಹೆತಾರಿಯಾನೊ. ಕೊನೆಯದು ಮಾಂಸದ ಸಾರು. ಸೂಪು, ಬೇಳೆಕಾಳು, ಅನ್ನ ಬೇಯಿಸಲು ಇದನ್ನೇ ಬಳಸುತ್ತಾರೆ. ಮೊಟ್ಟೆಯೂ ಬೇಡವಾದರೆ "ಸಿನ್ ವೇವೊ" ಸೇರಿಸಿ. ಉಚ್ಚಾರಣೆಯ ಭರವಸೆಯಿಲ್ಲದಿದ್ದರೆ ಫೋನಿನಲ್ಲಿ ಸ್ಪ್ಯಾನಿಷ್‌ಗೆ ಅನುವಾದಿಸಿ ಇಟ್ಟುಕೊಂಡು ತೋರಿಸಿ.

ಪಟ್ಟಿಯಲ್ಲಿ ಹೆಸರು ನೋಡಿ ಮೋಸ ಹೋಗುವ ಪದಾರ್ಥಗಳು ಇವು. 'ಸೋಪಾ ದೆ ಆಹೊ' ಬೆಳ್ಳುಳ್ಳಿ ಸೂಪು. ಬೆಳ್ಳುಳ್ಳಿಯ ಊರಿನಲ್ಲಿ ಇದನ್ನು ಕೇಳಲೇಬೇಕು ಎನಿಸುತ್ತದೆ, ಆದರೆ ಅದರಲ್ಲಿ ಹಮೋನ್ ಚೂರು, ಮೊಟ್ಟೆ ಎರಡೂ ಇರುತ್ತವೆ. 'ಹುದಿಯಾಸ್' ರಾಜ್ಮಾದಂಥ ಕಾಳಿನ ಹುಳಿ, ತಳದಲ್ಲಿ ಹಂದಿ ಸಾಸೇಜು. 'ಎನ್ಸಲಾದಾ ಮಿಕ್ಸ್ತಾ' ಸೊಪ್ಪು ಟೊಮೆಟೊ ಸಲಾಡು, ಮೇಲೆ ಟ್ಯೂನಾ. 'ಕ್ರೊಕೆತಾಸ್' ಕಟ್ಲೆಟ್ಟಿನ ಹಾಗೆ ಕಂಡರೂ ಒಳಗೆ ಬಹುಪಾಲು ಹಮೋನ್. 'ಮಿಗಾಸ್' ಬ್ರೆಡ್ಡಿನ ಪುಡಿಯ ಒಗ್ಗರಣೆ, ಸಾಸೇಜಿನ ಜಿಡ್ಡಿನಲ್ಲೇ ಹುರಿದದ್ದು. ತಣ್ಣನೆಯ ಟೊಮೆಟೊ ಸೂಪು 'ಸಾಲ್ಮೊರೆಹೊ' ಮೇಲೂ ಮೊಟ್ಟೆ, ಹಮೋನ್ ಉದುರಿಸುತ್ತಾರೆ. ಬೇಕರಿಯಲ್ಲಿ 'ಮಾಂತೆಕಾ' ಎಂಬ ಪದ ಕಂಡರೆ ಅದು ಹಂದಿ ಕೊಬ್ಬು. ಬೆಣ್ಣೆಗೆ 'ಮಾಂತೆಕಿಯಾ' ಎನ್ನುತ್ತಾರೆ. ಒಂದಕ್ಷರದ ಅಂತರ, ಪರಿಣಾಮ ದೊಡ್ಡದು.

ಧೈರ್ಯವಾಗಿ ತಿನ್ನಬಹುದಾದ್ದು 'ಪಿಸ್ತೊ' (ಬದನೆ, ದೊಣ್ಣೆಮೆಣಸು, ಟೊಮೆಟೊ ಪಲ್ಯ, ಮೇಲೆ ಕರಿದ ಮೊಟ್ಟೆ ಬೇಡವೆನ್ನಿ), ಕರಿದ ಬದನೆ, ಸುಟ್ಟ ಶತಾವರಿ, 'ಪಿಮಿಯೆಂತೋಸ್ ದೆ ಪದ್ರೋನ್' ಎಂಬ ಎಣ್ಣೆಯಲ್ಲಿ ಬಾಡಿಸಿದ ಸಣ್ಣ ಮೆಣಸಿನಕಾಯಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ 'ತೊರ್ತಿಯಾ' ಸದಾ ಕೈಹಿಡಿಯುತ್ತದೆ. ಊರಿನ ಬಿಳಿ ಬೆಳ್ಳುಳ್ಳಿಗೆ ಒಳ್ಳೆಯ ಹೆಸರಿದೆ. ಅದರ ರುಚಿ ನೋಡಲು 'ಆಲಿಯೋಲಿ' ಎಂಬ ಬೆಳ್ಳುಳ್ಳಿ ಗೊಜ್ಜು ಹಾಕಿದ ಆಲೂಗಡ್ಡೆ ತಿನ್ನಿ, ಅದರಲ್ಲೂ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಕಟ್ಟುನಿಟ್ಟಿನವರು ಹಿಂದಿನ ದಿನ ಮ್ಯಾಡ್ರಿಡ್‌ನಲ್ಲೇ ಬುತ್ತಿ ಕಟ್ಟಿಕೊಂಡು ಬಂದರೆ ನೆಮ್ಮದಿ. ಕಲ್ಲುಬೆಂಚಿನ ಮೇಲೆ ಕೂತು ತಿನ್ನಲು ಯಾರೂ ಅಡ್ಡಿಮಾಡರು, ಹೋಟೆಲಿನ ಕುರ್ಚಿಯಲ್ಲಿ ಮಾತ್ರ ಬುತ್ತಿ ಬಿಚ್ಚಬೇಡಿ.

ಹಂತ 8: ಊಟದ ನಂತರ

2ರಿಂದ 5ರವರೆಗೆ ಅಂಗಡಿಗಳ ಶಟರ್ ಎಳೆದಿರುತ್ತದೆ. ಆ ಹೊತ್ತಿಗೆ ತಕ್ಕ ಕೆಲಸ ಕೋಟೆಯ ಕಡೆ ನಡೆದು ಬರುವುದು. ಚೌಕದಿಂದ ಸುಮಾರು ಕಾಲು ಗಂಟೆ. ಕೌಂಟ್‌ಗಳ ಈ ಕೋಟೆಯನ್ನು ಹೊರಗಿನಿಂದ ನೋಡಬಹುದಷ್ಟೇ, ಒಳಗೆ ಬಿಡುವುದಿಲ್ಲ. ಹೊಲಗಳ ನೋಟ ಚೆನ್ನಾಗಿದೆ. ನೆರಳಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ಇದನ್ನು ಕೈಬಿಟ್ಟರೂ ನಷ್ಟವಿಲ್ಲ. ಆಗ ಚೌಕದ ಪಕ್ಕದಲ್ಲೇ ಇರುವ ಪರಾದೋರ್‌ಗೆ ಹೋಗಿ. ಹಳೆಯ ಕೋಟೆ, ಮಠಗಳಲ್ಲಿ ಸರ್ಕಾರ ನಡೆಸುವ ಹೋಟೆಲಿಗೆ ಸ್ಪೇನ್‌ನಲ್ಲಿ ಪರಾದೋರ್ ಎನ್ನುತ್ತಾರೆ. ಇಲ್ಲಿನದು ಅಗಸ್ಟೀನಿಯನ್ ಸನ್ಯಾಸಿಗಳ ಮಠವಾಗಿತ್ತು. ಉಳಿದುಕೊಳ್ಳದವರೂ ಕಾಫಿ ಕುಡಿದು, ತಂಪಾದ ಒಳಾಂಗಣ ನೋಡಿ ಬರಬಹುದು.

ಕೋಟೆಯ ದಾರಿಯಲ್ಲಿ ನೆನೆಯಬೇಕಾದ ಸಂಗತಿಯೊಂದಿದೆ. ಮಲೇರಿಯಾಗೆ ಕೊಡುವ ಕ್ವಿನೈನ್ ಸಿಗುವ ಸಿಂಕೋನಾ ಮರಕ್ಕೆ ಸಸ್ಯವಿಜ್ಞಾನಿ ಲಿನೇಯಸ್ 1742ರಲ್ಲಿ ಆ ಹೆಸರಿಟ್ಟದ್ದು ಚಿಂಚೋನ್ ಕೌಂಟೆಸ್‌ಳ ನೆನಪಿಗೆ; ಗೋಯಾ ಚಿತ್ರದವಳಲ್ಲ, ಅವಳಿಗಿಂತ ಹಿಂದಿನ ಕಾಲದವಳು. ಪೆರುವಿನ ವೈಸರಾಯ್ ಆಗಿದ್ದ ಕೌಂಟ್‌ನ ಹೆಂಡತಿಗೆ ಅದರ ತೊಗಟೆಯಿಂದ ಜ್ವರ ವಾಸಿಯಾಯಿತು ಎಂಬುದು ಕಥೆ; ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲಿ ಸರ್ಕಾರ ನೆಡಿಸಿದ ತೋಟಗಳು ಈ ಮರದವೇ.

ಹಂತ 9: ಅನೀಸ್ ಬಾಟಲಿ ಕೊಳ್ಳುವ ಮುನ್ನ

ಊರಿನ ಇನ್ನೊಂದು ಹೆಸರುವಾಸಿ ವಸ್ತು ಅನೀಸ್, ಅಂದರೆ ಸೋಂಪಿನ ಪರಿಮಳದ ಮದ್ಯ. ನೀರು ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. 'ದುಲ್ಸೆ' ಸಿಹಿ, 'ಸೆಕೊ' ಸಿಹಿಯಿಲ್ಲದ್ದು. 'ಸೆಕೊ ಎಸ್ಪೆಸಿಯಾಲ್' ಎಂಬ ಖಡಕ್ ಬಗೆಯಲ್ಲಿ ಮದ್ಯಸಾರ ಶೇ 74ರವರೆಗೆ ಇರುತ್ತದೆ. ಕೊಳ್ಳುವವರು ಎಡವುವುದು ಈ ಬಾಟಲಿಯಲ್ಲಿ: ಶೇ 70 ದಾಟಿದ ಮದ್ಯವನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಒಳಗೆ ಹಾಕುವ ಪೆಟ್ಟಿಗೆಯಲ್ಲೂ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಆದ್ದರಿಂದ ಲೇಬಲ್ ಮೇಲಿನ ಅಂಕಿ ಓದಿ, ದುಲ್ಸೆ ಅಥವಾ ಸಾಮಾನ್ಯ ಸೆಕೊ ಕೊಳ್ಳಿ. ಸೀಲು ಒಡೆಯದೆ ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ ಎರಡು ಲೀಟರ್.

ಜಡೆ ಹೆಣೆದ ಬೆಳ್ಳುಳ್ಳಿ ಚೆಂದವೇನೋ ಹೌದು. ಆದರೆ ಹಸಿ ಕೃಷಿ ಉತ್ಪನ್ನಕ್ಕೆ ಭಾರತದಲ್ಲಿ ಸಸ್ಯ ಸಂಗರೋಧ ನಿಯಮವಿದೆ, ತರಬೇಡಿ. ಯುರೋಪಿನಲ್ಲೇ ಇರುವ ಕನ್ನಡಿಗರು ಮಾತ್ರ ಎರಡು ಜಡೆ ಕೊಂಡರೂ ತೊಂದರೆಯಿಲ್ಲ.

ಹಂತ 10: ವಾಪಸು

ಬೆಳಗ್ಗೆ ತೆಗೆದ ವೇಳಾಪಟ್ಟಿ ಫೋಟೋ ಈಗ ಕೆಲಸಕ್ಕೆ ಬರುತ್ತದೆ. ಕೊನೆಯ ಬಸ್ಸಿಗೆ ಗುರಿಯಿಡಬೇಡಿ, ಅದಕ್ಕೂ ಹಿಂದಿನದನ್ನು ಹಿಡಿಯಿರಿ. ಭಾನುವಾರ ಸಂಜೆ ಮ್ಯಾಡ್ರಿಡ್‌ನವರೆಲ್ಲ ಒಟ್ಟಿಗೆ ಹೊರಡುವುದರಿಂದ ಬಸ್ಸು ತುಂಬುತ್ತದೆ, ಎ-3 ಹೆದ್ದಾರಿಯಲ್ಲೂ ದಟ್ಟಣೆ. ಆ ದಿನ ಐದರ ಸುಮಾರಿಗೆ ಹೊರಟುಬಿಡುವುದು ಒಳ್ಳೆಯದು. ಅದೇ ರಾತ್ರಿ ಮ್ಯಾಡ್ರಿಡ್‌ನಿಂದ ವಿಮಾನವೋ ರೈಲೋ ಇದ್ದರೆ ಈ ಪ್ರವಾಸವನ್ನೇ ಬೇರೆ ದಿನಕ್ಕೆ ಹಾಕಿಕೊಳ್ಳಿ. ದೀಪ ಹತ್ತಿದ ಚೌಕ ನೋಡಲು ಕಾಯುತ್ತೇವೆ ಎನ್ನುವವರು ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ತಿಂಗಳಲ್ಲಿ ಅದಕ್ಕಾಗಿ ಊರಿನಲ್ಲೇ ತಂಗುವುದು ಸಲೀಸು. ಬಸ್ಸು ಬಂದು ಬಿಡುವುದು ಕೊಂದೆ ದೆ ಕಸಾಲ್‌ಗೇ. ಅಲ್ಲಿಂದ ಮೆಟ್ರೋ ರಾತ್ರಿ ಒಂದೂವರೆವರೆಗೂ ಓಡುತ್ತದೆ.